ಹ್ಯಾಟೆ ಕೂರಿಸುವ ಮೊದಲು

ಆನವಟ್ಟಿ

ಪ್ರೀತಿಯ ಪುಟ್ಟಿ,

ಶಿಕಾರಿಪುರದ ಮನೆ ಹಿತ್ತಲಲ್ಲಿ ನಾಟಿ ಕೋಳಿ ಸಾಕುತ್ತೀಯಂತೆ, ಮರಿ ಮಾಡಿಸುವ ಮೆಷಿನ್ನಿಗೂ ದುಡ್ಡು ಕಟ್ಟಲು ಹೊರಟಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಅರ್ಧ ನಗುತ್ತಾ ಅರ್ಧ ಬೈಯುತ್ತಾ ಹೇಳಿದಳು. ಬೈಗುಳದ ಪಾಲು ಅವಳಿಗೇ ಇರಲಿ, ನನಗಂತೂ ಖುಷಿಯಾಗಿದೆ. ಆದರೆ ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳು. ಹುಟ್ಟುವ ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಹುಂಜಗಳೇ ಆಗುತ್ತವೆ. ಅವನ್ನೇನು ಮಾಡುತ್ತೀ?

ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಉಳಿದವು ಐದಾರು ತಿಂಗಳಾಗುವಷ್ಟರಲ್ಲಿ ಒಂದರ ಜುಟ್ಟು ಇನ್ನೊಂದು ಕುಕ್ಕಿ ರಕ್ತ ಬರಿಸುತ್ತವೆ, ಹ್ಯಾಟೆಗಳ ಬೆನ್ನಿನ ಪುಕ್ಕ ಕಿತ್ತು ಬೋಳು ಮಾಡುತ್ತವೆ. ಹಿಂದೆ ಒಂದು ಚೌಡಿಗೆ, ಒಂದು ಹಬ್ಬಕ್ಕೆ, ಒಂದು ಅಳಿಯ ಬಂದಾಗ ಕೋಳಿ ಕಜ್ಜಾಯಕ್ಕೆ ಅಂತ ಲೆಕ್ಕ ತಾನಾಗಿ ಮುಗಿಯುತ್ತಿತ್ತು. ನೀನೋ ಬೆಂಗಳೂರಿನಿಂದ ಬಂದವಳು, ಪ್ರತಿ ಮರಿಗೂ ಹೆಸರಿಡುತ್ತೀ. ಮರಿ ಮಾಡಿಸುವವಳು ಕೊಯ್ಯುವುದನ್ನೂ ಕಲಿಯಬೇಕು ಮಗಾ. ಆಗದು ಅನ್ನುವುದಾದರೆ ಮೊಟ್ಟೆಗೆ ಮಾತ್ರ ನಾಲ್ಕು ಹ್ಯಾಟೆ ಸಾಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆಗುತ್ತದೆ ಅನ್ನುವುದಾದರೆ ಮುಂದೆ ಓದು.

ಮೆಷಿನ್ ಈಗಲೇ ಬೇಡ. 21 ದಿನ 37.5 ಡಿಗ್ರಿಯ ಆಸುಪಾಸಿನಲ್ಲಿ ಕಾವು ನಿಲ್ಲಬೇಕು, ಗಾಳಿಯಲ್ಲಿ ತೇವ ಇರಬೇಕು, ದಿನಕ್ಕೆ ಹಲವು ಸಲ ಮೊಟ್ಟೆ ಹೊರಳಿಸಬೇಕು. ಹೊರಳಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಮಳೆಗಾಲದಲ್ಲಿ ಒಮ್ಮೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರು ಹೇಳಬಲ್ಲರು? ಥರ್ಮೊಕೋಲ್ ಡಬ್ಬಿಗೆ ಬಲ್ಬು ಹಾಕಿ ಮನೆಯಲ್ಲೇ ಮಾಡುವವರೂ ಇದ್ದಾರೆ. ಅದಕ್ಕೆ ಹಳೆಯ ತಂತಿ ಬಲ್ಬೇ ಬೇಕು, ಎಲ್‌ಇಡಿಯಿಂದ ಬೆಳಕು ಬಂದೀತೇ ಹೊರತು ಸಾಕಷ್ಟು ಶಾಖ ಬಾರದು. ಇಷ್ಟೆಲ್ಲ ಕೆಲಸವನ್ನು ಕಾವಿಗೆ ಬಂದ ಹ್ಯಾಟೆ ಬಿಟ್ಟಿ ಮಾಡುತ್ತದೆ. ಹೊರಬಂದ ಮರಿಗಳನ್ನು ರೆಕ್ಕೆಯಡಿ ಬೆಚ್ಚಗಿಡುವುದೂ, ಗಿಡುಗನ ನೆರಳು ಕಂಡರೆ ಕೂಗಿ ಕರೆಯುವುದೂ ಅದೇ. ಮೆಷಿನ್ ಮರಿಗಾದರೆ ಮೊದಲ ವಾರ 35 ಡಿಗ್ರಿ ಶಾಖವನ್ನು ನೀನೇ ಒದಗಿಸಬೇಕು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ, ಸ್ವರ್ಣಧಾರ ಒಳ್ಳೆಯ ತಳಿಗಳು, ಬೇಗ ತೂಕ ಬರುತ್ತವೆ. ಕಾವಿಗೆ ಕೂರುವ ಕೆಲಸಕ್ಕೆ ಮಾತ್ರ ನಾಟಿಯೇ ಸರಿ. ಹೆಚ್ಚು ಮೊಟ್ಟೆಯ ಆಸೆಗೆ ತಳಿ ತಿದ್ದುತ್ತಾ ಹೋದಂತೆ ಕಾವಿನ ಗುಣ ಹಿಂದೆ ಸರಿಯುತ್ತದೆ.

ಖಾಲಿ ಗೂಡಿನಲ್ಲೂ ಮೇಲೇಳದೆ, ಕೈ ಹಾಕಿದರೆ ಪುಕ್ಕ ಕೆದರಿ ಗುರ್ರೆನ್ನುವ ಹ್ಯಾಟೆ ಕಾವಿಗೆ ಬಂದಿದೆ ಎಂದು ತಿಳಿ. ಕತ್ತಲಾದ ಮೇಲೆ ಬುಟ್ಟಿಗೆ ಹುಲ್ಲು ಹಾಸಿ, ವಾರದೊಳಗಿನ ಮೊಟ್ಟೆ 10 ಅಥವಾ 12 ಇಟ್ಟು ಕೂರಿಸು. ಹಾಸಲು ಭತ್ತದ ಹುಲ್ಲನ್ನೇ ತಗೋ, ಕಾಡಿನ ದರಗು ತರಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದ ಕ್ಯಾಸನೂರು ನಮ್ಮ ಸೊರಬ ತಾಲ್ಲೂಕಿನದೇ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ದರಗಿನಲ್ಲಿ ಆ ಕಾಯಿಲೆ ಹರಡುವ ಉಣುಗು ತುಂಬಿರುತ್ತದೆ, ಬುಟ್ಟಿಯ ಜೊತೆ ಅದೂ ಮನೆಯೊಳಗೆ ಬರುತ್ತದೆ. ಗುಡುಗಿಗೆ ಮೊಟ್ಟೆ ಕೆಡುತ್ತವೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವವರಿದ್ದಾರೆ. ಇಟ್ಟರೆ ನಷ್ಟವೇನಿಲ್ಲ. ಆದರೆ ಏಪ್ರಿಲ್ ಸೆಕೆಯಲ್ಲಿ ಹಂಚಿನಡಿ ಎರಡು ವಾರ ಕೂಡಿಟ್ಟ ಮೊಟ್ಟೆ ಗುಡುಗಿಲ್ಲದೆಯೂ ಕೆಡುತ್ತದೆ.

ಏಳನೇ ದಿನ ಕತ್ತಲಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿ. ಕೆಂಪು ನರಗಳು ಕಂಡರೆ ಜೀವ ಇದೆ, ಪೂರಾ ತಿಳಿಯಾಗಿದ್ದರೆ ತೆಗೆದುಬಿಡು. ಕೊನೆಯ ಮೂರು ದಿನ ಮೊಟ್ಟೆ ಮುಟ್ಟಬೇಡ. ಚಿಪ್ಪು ಬಿರಿದ ಮೇಲೂ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತದೆ, ಅಯ್ಯೋ ಪಾಪ ಎಂದು ಚಿಪ್ಪು ಬಿಡಿಸಲು ಹೋದರೆ ರಕ್ತ ಸುರಿದು ಸಾಯುತ್ತದೆ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿಯ ಬಲದಲ್ಲಿ ಎರಡು ದಿನ ಮೇವಿಲ್ಲದೆಯೂ ಇರಬಲ್ಲದು, ಅವಸರ ಪಡಬೇಡ.

ನಿಮ್ಮ ಕಡೆ ಹೊಲ ತುಂಬ ಮೆಕ್ಕೆಜೋಳ. ನುಚ್ಚು ಮಾಡಿ ಹಾಕು, ಬೂಷ್ಟು ಹಿಡಿದದ್ದನ್ನು ಮಾತ್ರ ಬೇಡ, ಅದರ ವಿಷ ಈಲಿ ಕೆಡಿಸುತ್ತದೆ. ಬರೀ ಜೋಳ ತಿಂದರೆ ಕೊಬ್ಬು ಬಂದೀತು, ಮೈ ಬೆಳೆಯದು. ಹಳೇ ಮಡಕೆಗೆ ಸಗಣಿ, ಗೋಣಿ ಚೂರು ತುಂಬಿ ನೀರು ಚಿಮುಕಿಸಿ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು ಹತ್ತಿರುತ್ತದೆ. ಮರಿಗಳಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ.

ಕೊಕ್ಕರೆ ರೋಗದ ಲಸಿಕೆಯನ್ನು ಮೊದಲ ವಾರದಲ್ಲೇ ಕಣ್ಣಿಗೆ ಹನಿ ಹಾಕಿಸು, ಎರಡು ತಿಂಗಳ ಹೊತ್ತಿಗೆ ಸೂಜಿ. ಪಶು ಆಸ್ಪತ್ರೆಯಲ್ಲಿ ಕೇಳು. ಒಂದು ಸೀಸೆ ನೂರಾರು ಕೋಳಿಗಾಗುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆದ್ದರಿಂದ ಇಡೀ ಕೇರಿಯವರನ್ನು ಒಂದೇ ದಿನ ಸೇರಿಸು, ಸೀಸೆಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿ ತಾ. ಈ ರೋಗ ಬಂದರೆ ಊರಿನ ಒಡ್ಡಿಗಳೆಲ್ಲ ಖಾಲಿ. ಆಗ ಜೋಲುವ ಕೋಳಿಗಳನ್ನು ಗಡಿಬಿಡಿಯಲ್ಲಿ ಕೊಯ್ದು ನೆಂಟರಿಗೆ ಹಂಚುವವರನ್ನೂ ನೋಡಿದ್ದೇನೆ. ನಮ್ಮ ಮನೆಯವರು ಆ ಸಾಲಿಗೆ ಸೇರಬಾರದು. ಸತ್ತದ್ದನ್ನು ಸುಣ್ಣ ಹಾಕಿ ಆಳಕ್ಕೆ ಹೂಳಬೇಕು.

ಇನ್ನು ಕೊಯ್ಯುವ ಮಾತು. ಹಿಂದಿನ ರಾತ್ರಿಯೇ ಹುಂಜವನ್ನು ಬೇರೆ ಮಾಡಿ ಮೇವು ನಿಲ್ಲಿಸು, ನೀರು ಇರಲಿ. ಆಗ ಕರುಳು ಖಾಲಿಯಾಗಿ ಮಾಂಸ ಹೊಲಸಾಗುವುದಿಲ್ಲ. ಓಡಿಸಿ ಹಿಡಿಯಬೇಡ, ಬೆದರಿದ ಕೋಳಿಯ ಮಾಂಸ ಬಿರುಸು. ಕಾಲು ಹಿಡಿದು ತಲೆ ಕೆಳಗೆ ಮಾಡಿದರೆ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಕತ್ತಿ ಚೆನ್ನಾಗಿ ಮಸೆದಿರಬೇಕು. ಮೊಂಡು ಕತ್ತಿ ಹಿಡಿದು ಎರಡು ಮೂರು ಸಲ ಎಳೆಯುವುದು ಪಾಪ, ಕೊಯ್ಯುವುದಲ್ಲ. ರಕ್ತ ಪೂರ್ತಿ ಇಳಿದು ರೆಕ್ಕೆಯ ಬಡಿತ ನಿಂತ ಮೇಲೇ ಬಿಸಿನೀರು. 60 ಡಿಗ್ರಿಯಷ್ಟಿದ್ದರೆ ಸಾಕು, ಕುದಿವ ನೀರಿಗೆ ಅದ್ದಿದರೆ ಚರ್ಮ ಕಿತ್ತು ಬರುತ್ತದೆ. ರೆಕ್ಕೆಯ ದೊಡ್ಡ ಗರಿ ಎಳೆದಾಗ ಸಲೀಸಾಗಿ ಬಂದರೆ ತೆಗೆದುಬಿಡು. ಪುಕ್ಕ ಕಿತ್ತ ಮೇಲೆ ಹುಲ್ಲಿನ ಉರಿಯಲ್ಲಿ ಸುಟ್ಟು, ಅರಿಶಿನ ತಿಕ್ಕಿ ತೊಳೆ. ಬಾಲದ ಮೇಲಿನ ಎಣ್ಣೆ ಗಂಟು ಕೊರೆದು ಬಿಸಾಡು. ಈಲಿಗಂಟಿದ ಹಸಿರು ಪಿತ್ತದ ಚೀಲ ಒಡೆಯದಂತೆ ನೋಡಿಕೋ, ಒಡೆದರೆ ಸಾರೆಲ್ಲ ಕಹಿ. ಕೋಳಿ ಹೆಚ್ಚಿದ ಮಣೆಯ ಮೇಲೆ ಸೌತೆಕಾಯಿ ಹೆಚ್ಚಬೇಡ. ಕರುಳು, ಪುಕ್ಕ ತೆಂಗಿನ ಬುಡದಲ್ಲಿ ನಾಯಿ ಕೆದರದಷ್ಟು ಆಳಕ್ಕೆ ಹೂಳು, ಮರಕ್ಕೆ ಒಳ್ಳೆಯ ಗೊಬ್ಬರ.

ನಾನು ಮೇಷ್ಟ್ರ ಕೆಲಸ ಮಾಡಿದವಳು, ಒಂದು ಪಾಠ ಹೇಳದೆ ಬಿಟ್ಟರೆ ಊಟ ಸೇರುವುದಿಲ್ಲ. ಚಂದ್ರಗುತ್ತಿ ಕಡೆ ಬೆಳಗಿನ ಜಾವ ಕಾಡುಕೋಳಿ ಕೂಗುತ್ತದಲ್ಲ, ಊರಕೋಳಿಯ ಮೂಲಪುರುಷ ಅದಲ್ಲ, ಕೆಂಪು ಕಾಡುಕೋಳಿ. ಆದರೆ ಹಳದಿ ಕಾಲಿನ ಗುಣ ಮಾತ್ರ ನಮ್ಮ ಬೂದು ಕಾಡುಕೋಳಿಯಿಂದಲೇ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಜಗತ್ತಿನ ಎಷ್ಟೋ ಫಾರ್ಮ್ ಕೋಳಿಗಳ ಕಾಲಿನಲ್ಲಿ ನಮ್ಮ ಕಡೆಯ ಕಾಡು ಇದೆ! ಹಾಗೆಂದು ಅದರ ಮೊಟ್ಟೆ ತಂದು ಕೂರಿಸಲು ಹೊರಟೀಯೆ, ಅರಣ್ಯ ಇಲಾಖೆಯವರು ಬರುತ್ತಾರೆ.

ಮೆಷಿನ್ನಿನ ದುಡ್ಡಿನಲ್ಲಿ ಮುಂಗುಸಿ ನುಗ್ಗದಂಥ ಗಟ್ಟಿ ಒಡ್ಡಿ ಕಟ್ಟಿಸು. ಬರುವ ಭಾನುವಾರ ಇಲ್ಲಿಗೆ ಬಾ, ಹಬ್ಬಕ್ಕೆಂದು ಇಟ್ಟ ಹುಂಜ ಒಂದಿದೆ. ಕತ್ತಿ ನೀನೇ ಹಿಡಿಯಬೇಕು, ನಾನು ಪಕ್ಕದಲ್ಲಿರುತ್ತೇನೆ. ಅದಾದ ಮೇಲೂ ಕೋಳಿ ಸಾಕುವ ಮನಸ್ಸಿದ್ದರೆ ಕಾವಿಗೆ ಬಂದ ಹ್ಯಾಟೆಯನ್ನು ಮೊಟ್ಟೆ ಸಮೇತ ಕೊಟ್ಟು ಕಳಿಸುತ್ತೇನೆ.

ಇಂತಿ ನಿನ್ನ
ಅಜ್ಜಿ