ಹೋಮ್ ನರ್ಸ್ ಖರ್ಚು ಯಾರ ಲೆಕ್ಕಕ್ಕೆ?

ಐವತ್ತರ ಹತ್ತಿರದ ಹೆಂಗಸು ಕೆಲಸ ಬಿಡುವ ಮುನ್ನ ಮನೆಯಲ್ಲಿ ಒಂದು ಲೆಕ್ಕ ನಡೆಯುತ್ತದೆ. ಅವಳ ಸಂಬಳದಿಂದ ಹೋಮ್ ನರ್ಸ್ ಖರ್ಚು ಕಳೆಯುತ್ತಾರೆ, ಓಡಾಟದ್ದು ಕಳೆಯುತ್ತಾರೆ, ಅಡುಗೆಯವರದ್ದು ಕಳೆಯುತ್ತಾರೆ. ಉಳಿದದ್ದನ್ನು ತೋರಿಸಿ 'ಇಷ್ಟಕ್ಕೆ ಯಾಕೆ ಒದ್ದಾಡ್ತೀಯ' ಎನ್ನುತ್ತಾರೆ. ಅಕ್ಕರೆಯಿಂದಲೇ ಎನ್ನುತ್ತಾರೆ. ಆದರೆ ಆ ಖರ್ಚನ್ನೆಲ್ಲ ಅವಳೊಬ್ಬಳ ಸಂಬಳದ ಕೆಳಗೇ ಯಾಕೆ ಬರೆದಿರಿ ಎಂದು ಯಾರೂ ಕೇಳುವುದಿಲ್ಲ.

ನಮ್ಮತ್ತೆಗೆ ಲಕ್ವ ಹೊಡೆದಾಗ ನನಗೆ ನಲವತ್ತೆಂಟು. ದಾವಣಗೆರೆಯಿಂದ ಬೆಂಗಳೂರಿನ ನಮ್ಮ ಮನೆಗೆ ಕರೆತಂದೆವು. ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ನನ್ನ ಕೆಲಸ. ಕೈಗೆ ಬರುತ್ತಿದ್ದದ್ದು ₹52,000. ಹಗಲು ರಾತ್ರಿ ಮನೆಯಲ್ಲೇ ಇರುವ ಹೋಮ್ ನರ್ಸ್‌ಗೆ ಏಜೆನ್ಸಿಯವರು ಕೇಳಿದ್ದು ₹26,000. ಪುಣೆಯಿಂದ ಬಂದಿದ್ದ ಮೈದುನ, "ಅತ್ತಿಗೆ, ಅರ್ಧಕ್ಕರ್ಧ ಅಲ್ಲೇ ಹೋಯ್ತಲ್ಲ. ನೀವೇ ಮನೇಲಿದ್ದುಬಿಟ್ರೆ ಅಮ್ಮಂಗೂ ಸಮಾಧಾನ" ಅಂದ. ಅವನ ಸಂಬಳದಲ್ಲಿ ಎಷ್ಟು ಹೋಯಿತು ಎಂಬ ಮಾತು ಬರಲಿಲ್ಲ. ನನ್ನ ಗಂಡನ ಸಂಬಳದ ಮಾತೂ ಬರಲಿಲ್ಲ. ತಾಯಿ ಅವರಿಬ್ಬರಿಗೆ, ಖರ್ಚು ನನ್ನ ಖಾತೆಗೆ.

ಬಾಯಲ್ಲಿ ವಾದ ಮಾಡುವುದು ನನಗೆ ಬಾರದು, ಕಾಗದದ ಮೇಲೆ ಬರೆದೆ. ನನ್ನ ಮೂಲ ವೇತನ ₹40,000. ಅದರ ಶೇ 12, ಅಂದರೆ ₹4,800 ನನ್ನಿಂದ ಪಿಎಫ್‌ಗೆ ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕುತ್ತದೆ. ಅದರಲ್ಲಿ ₹1,250 ಪಿಂಚಣಿ ಯೋಜನೆಗೆ ಹೋಗಿ ಮಿಕ್ಕ ₹3,550 ಪಿಎಫ್‌ಗೆ ಸೇರುತ್ತದೆ. ಎರಡೂ ಕೂಡಿ ತಿಂಗಳಿಗೆ ₹8,350. ಮುಂದಿನ ಹತ್ತು ವರ್ಷ ಸಂಬಳ ಒಂದು ರೂಪಾಯಿಯೂ ಏರುವುದಿಲ್ಲ, ಬಡ್ಡಿ 2024–25ರ ಶೇ 8.25ರಲ್ಲೇ ಇರುತ್ತದೆ ಎಂದು ಹಿಡಿದರೂ 58ಕ್ಕೆ ಅದೊಂದೇ ಹದಿನೈದು ಲಕ್ಷ ದಾಟುತ್ತದೆ. ಗ್ರಾಚ್ಯುಟಿ ಬೇರೆ: ತಿಂಗಳಿಗೆ 26 ದಿನವೆಂದು ಹಿಡಿದು ವರ್ಷಕ್ಕೆ 15 ದಿನದ ವೇತನ, ನನಗೆ ವರ್ಷಕ್ಕೆ ₹23,000 ಚಿಲ್ಲರೆ. ಕೈಗೆ ಬರುವ ಸಂಬಳದಲ್ಲಿ ಇದ್ಯಾವುದೂ ಕಾಣುವುದಿಲ್ಲ, ಹಾಗಾಗಿ ಮನೆಯವರ ಲೆಕ್ಕದಲ್ಲೂ ಇರಲಿಲ್ಲ.

ಇನ್ನು ಪಿಎಫ್ ಪಿಂಚಣಿ. ಅದಕ್ಕೆ ಹತ್ತು ವರ್ಷದ ಸೇವೆ ಬೇಕು. ಮಕ್ಕಳು ಚಿಕ್ಕವರಿದ್ದಾಗ ಕೆಲಸ ಬಿಟ್ಟು, ಅವರು ಹೈಸ್ಕೂಲಿಗೆ ಹೋದ ಮೇಲೆ ಮತ್ತೆ ಸೇರಿ, ಎಂಟನೆಯದೋ ಒಂಬತ್ತನೆಯದೋ ವರ್ಷದಲ್ಲಿ ಹಿರಿಯರಿಗಾಗಿ ಇನ್ನೊಮ್ಮೆ ಬಿಡುವವರು ನನ್ನ ಸುತ್ತಲೇ ಇದ್ದಾರೆ. ₹15,000 ವೇತನ ಮಿತಿಯಲ್ಲಿ ಹತ್ತು ವರ್ಷಕ್ಕೆ ಸಿಗುವುದು ತಿಂಗಳಿಗೆ ₹2,100 ಚಿಲ್ಲರೆಯಷ್ಟೇ, ನಿಜ. ಆದರೂ ಬದುಕಿರುವ ತನಕ ಬರುವ ದುಡ್ಡು. ಆ ಯೋಜನೆಯಲ್ಲಿದ್ದವರು ಹಳೇ ಕಂಪನಿಯ ಪಿಂಚಣಿ ಹಣ ವಾಪಸು ತೆಗೆದಿಲ್ಲವಾದರೆ ಆ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. ರಾಜೀನಾಮೆ ಬರೆಯುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳಿ.

ನನ್ನನ್ನು ನಿಜವಾಗಿ ಹೆದರಿಸಿದ್ದು ವಿಮೆ. ಅತ್ತೆ ಹಾಸಿಗೆ ಹಿಡಿದ ಹೊತ್ತಿಗೇ ನನಗೂ ಮುಟ್ಟು ನಿಲ್ಲುವ ಕಾಲದ ಕಾಟ ಶುರುವಾಗಿತ್ತು. ಗರ್ಭಕೋಶದಲ್ಲಿ ಗಡ್ಡೆ, ವಿಪರೀತ ರಕ್ತಸ್ರಾವ, ರಕ್ತಹೀನತೆ. ಥೈರಾಯ್ಡ್ ಮಾತ್ರೆ ಮೊದಲಿನಿಂದ ಇತ್ತು, ಬಿಪಿ ಮಾತ್ರೆ ಹೊಸದು. ಆಫೀಸಿನ ಗುಂಪು ವಿಮೆ ಇವೆಲ್ಲಕ್ಕೂ ಮೊದಲ ದಿನದಿಂದಲೇ ರಕ್ಷಣೆ ಕೊಟ್ಟಿತ್ತು. ಕೆಲಸ ಬಿಟ್ಟರೆ ಅದೂ ಹೋಯಿತು. ಹೊರಗೆ ಸ್ವಂತ ಪಾಲಿಸಿ ಕೊಂಡರೆ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು (2024ಕ್ಕೆ ಮೊದಲು ಅದು 48 ತಿಂಗಳವರೆಗಿತ್ತು). ಅಂದರೆ ಮನೆಯಲ್ಲಿ ಒಬ್ಬರ ಸೇವೆಗೆಂದು ಕೂತವಳಿಗೆ, ತನ್ನ ಮೈ ಕೈಕೊಡುವ ವಯಸ್ಸಿನಲ್ಲೇ ವಿಮೆಯಿಲ್ಲ. ಅದಕ್ಕೇ ಕೆಲಸದಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿದೆ. ಆಫೀಸಿನ ವಿಮೆ ಇರುವಾಗಲೇ ಇದರ ಕಾಯುವ ಅವಧಿ ಕಳೆದುಹೋಗಲಿ ಎಂದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ.

ರಜೆಯ ವಿಚಾರ ಹೇಳುವಂಥದ್ದೇನೂ ಇಲ್ಲ. ಹೆರಿಗೆಗೆ 26 ವಾರದ ರಜೆಯ ಕಾನೂನಿದೆ; ಹಾಸಿಗೆ ಹಿಡಿದ ಹಿರಿಯರ ಸೇವೆಗೆ ಖಾಸಗಿ ಕಂಪನಿಗಳಲ್ಲಿ ಅಂಥದ್ದಿಲ್ಲ. ನಮ್ಮ ರಾಜ್ಯ 2025ರಲ್ಲಿ ತಂದ ಮುಟ್ಟಿನ ರಜೆ ತಿಂಗಳಿಗೊಂದು ದಿನ, 52 ವರ್ಷದವರೆಗೆ. ನನ್ನಂಥವರಿಗೆ ಆ ಒಂದು ದಿನ ಯಾತಕ್ಕೂ ಸಾಲದು, ಆದರೂ ಬೇಡವೆನ್ನಲಾರೆ. ಕೊನೆಗೆ ನಾನು ಕೇಳಿದ್ದು ಸಂಬಳವಿಲ್ಲದ ರಜೆ. ಆ ಅವಧಿಯಲ್ಲಿ ವಿಮೆ ಮುಂದುವರಿಯುತ್ತದೆ ಎಂದು ಇಮೇಲ್‌ನಲ್ಲಿ ಬರೆಸಿಕೊಂಡೇ ಮನೆಯಲ್ಲಿ ಕೂತೆ.

ಖರ್ಚು ಯಾರದು ಎಂಬ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರವಿದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಹಿರಿಯರ ಪೋಷಣೆಯ 2007ರ ಕಾಯ್ದೆಯಲ್ಲಿ 'ಮಕ್ಕಳು' ಎಂದರೆ ಮಗ, ಮಗಳು, ಮೊಮ್ಮಕ್ಕಳು. ಸೊಸೆ ಆ ಪಟ್ಟಿಯಲ್ಲಿಲ್ಲ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಹಿರಿಯ ತಂದೆತಾಯಿಯ ಆರೋಗ್ಯ ವಿಮೆಗೆ ₹50,000ದವರೆಗೆ ರಿಯಾಯಿತಿ ಇದೆಯಲ್ಲ, ಅತ್ತೆಯ ಪ್ರೀಮಿಯಂ ಸೊಸೆ ಕಟ್ಟಿದರೆ ಅದೂ ಸಿಗದು, ಮಗ ಕಟ್ಟಬೇಕು. ಇದನ್ನು ಹೇಳಿದಾಗ ನನ್ನ ಗಂಡ ನಕ್ಕರು, ಮೈದುನ ನಗಲಿಲ್ಲ.

ನಾನು ಮುಂದಿಟ್ಟ ಕ್ರಮ ಇಷ್ಟು. ಮೊದಲು ಅತ್ತೆಯ ಸ್ವಂತ ದುಡ್ಡು: ಮಾವನವರ ನಂತರ ಬರುತ್ತಿರುವ ಕುಟುಂಬ ಪಿಂಚಣಿ, ದಾವಣಗೆರೆ ಮನೆಯ ಬಾಡಿಗೆ. ಹಿರಿಯರ ದುಡ್ಡು ಮುಟ್ಟಬಾರದು ಎಂಬ ಮುಲಾಜು ನಮ್ಮ ಕಡೆ ಬಹಳ. ಆದರೆ ಅವರ ಆರೈಕೆಗೆ ಬಾರದ ದುಡ್ಡು ಇನ್ನು ಯಾರಿಗೆ? ಅತ್ತೆ ತಾವೇ ತಲೆಯಾಡಿಸಿ ಒಪ್ಪಿದರು. ನರ್ಸ್ ಖರ್ಚಿನಲ್ಲಿ ₹14,000 ಅಲ್ಲಿಂದ ಬಂತು. ಉಳಿದ ₹12,000 ಗಂಡುಮಕ್ಕಳಿಬ್ಬರಿಗೆ ಸಮಪಾಲು. ನರ್ಸ್ ಊರಿಗೆ ಹೋದ ದಿನ, ಹಬ್ಬದ ದಿನ, ಮಾತ್ರೆಯ ಲೆಕ್ಕ, ಫಿಸಿಯೋಥೆರಪಿ, ಇವೆಲ್ಲ ಹೇಗೂ ನನ್ನ ತಲೆಗೇ. ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿದ್ದರೆ, ಗಂಡಸರಲ್ಲಿ ಶೇ 21.4. ಪಾಲು ಕೇಳುವಾಗ ಈ ಅಂಕಿಯನ್ನೂ ಕಾಗದದ ಕೆಳಗೆ ಬರೆದಿದ್ದೆ.

ಏಜೆನ್ಸಿಗೆ ಐದನೇ ತಾರೀಕಿನೊಳಗೆ ಕಟ್ಟಬೇಕು. ಮೈದುನನ ಪಾಲು ಎಷ್ಟೋ ಸಲ ಹತ್ತು ದಾಟಿದ ಮೇಲೆ ಬರುತ್ತಿತ್ತು. ಪ್ರತಿ ತಿಂಗಳು ಕೇಳುವ ಕೆಲಸವೂ ನನ್ನದೇ ಆಗಬಾರದೆಂದು, ಮೂರನೇ ತಾರೀಕಿಗೆ ಅವನ ಖಾತೆಯಿಂದ ₹6,000 ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಬರೆದುಕೊಡಿಸಿದ್ದೇನೆ.