ಮಗ ನೆಟ್ಟ ಗಿಡ ಒಣಗುತ್ತಿದೆ, ಅಪಶಕುನವೇ?

ಪ್ರಶ್ನೆ: ಮಗ ಮಿಲಿಟರಿಯಲ್ಲಿದ್ದಾನೆ. ದೀಪಾವಳಿ ರಜೆಗೆ ಬಂದಾಗ ಶಿಮ್ಲಾದ ನರ್ಸರಿಯಿಂದ ಫರ್ ಸಸಿ ತಂದು ಅಂಗಳದಲ್ಲಿ ನೆಟ್ಟು ಹೋದ. ಹೋಳಿ ಹುಣ್ಣಿಮೆವರೆಗೆ ಚೆನ್ನಾಗಿತ್ತು. ಈಗ ದಿನಾ ಎರಡು ಹೊತ್ತು ನೀರು ಹಾಕಿದರೂ ಎಲೆ ಕೆಂಪಾಗಿ ಉದುರುತ್ತಿದೆ. ಅವನ ಕೈಯಾರೆ ನೆಟ್ಟ ಗಿಡ ಒಣಗಬಾರದು ಅಂತ ಓಣಿಯವರು ಅನ್ನುತ್ತಾರೆ. ನಿದ್ದೆ ಬರುತ್ತಿಲ್ಲ.
– ಒಬ್ಬ ತಾಯಿ, ಹಟ್ಟಿ

ಉತ್ತರ: ತಾಯಿ, ಮೊದಲು ಆ ಮಾತು ಮನಸ್ಸಿನಿಂದ ತೆಗೆಯಿರಿ. ಗಿಡ ಒಣಗುತ್ತಿರುವುದು ಬಿಸಿಲಿಗೆ. ನಿಮ್ಮ ಮಗನ ಆಯುಷ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಆರೈಕೆಯಲ್ಲೂ ಕೊರತೆಯಿಲ್ಲ. ಹಿಮಾಚಲದಲ್ಲಿ ಫರ್ ಬೆಳೆಯುವುದು ಎರಡು ಸಾವಿರ ಮೀಟರಿಗೂ ಎತ್ತರದ, ಚಳಿಗಾಲವಿಡೀ ಹಿಮ ಬೀಳುವ ಬೆಟ್ಟಗಳಲ್ಲಿ. ಆ ಚಳಿಯನ್ನು ಉಂಡ ಮೇಲೆಯೇ ಅದರ ಮೊಗ್ಗು ಸರಿಯಾಗಿ ಒಡೆಯುವುದು. ಹಟ್ಟಿ ಇರುವ ಲಿಂಗಸುಗೂರು ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫರ್ ಗಿಡಕ್ಕೆ ಹುಳಿ ಮಣ್ಣು ಬೇಕು, ನಮ್ಮ ಎರೆಯಲ್ಲಿರುವುದು ಸುಣ್ಣ.

ಎರಡು ಹೊತ್ತಿನ ನೀರು ಇಂದೇ ನಿಲ್ಲಿಸಿ. ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಬೆರಳು ಇಳಿಸಿ ನೋಡಿ, ಎರಡಿಂಚು ಒಣಗಿದ್ದರೆ ಮಾತ್ರ ಹಾಕಿ. ಮಧ್ಯಾಹ್ನದ ಬಿಸಿಲಿಗೆ ಹಸಿರು ಪರದೆ ಕಟ್ಟಿ, ಬುಡಕ್ಕೆ ಒಣ ಎಲೆ ಹೊದಿಸಿ. ಯೂರಿಯಾ ಬೇಡವೇ ಬೇಡ. ಕಾಂಡದ ತೊಗಟೆಯನ್ನು ಉಗುರಿನಿಂದ ಚೂರು ಕೆರೆಯಿರಿ: ಒಳಗೆ ಹಸಿರಿದ್ದರೆ ಜೀವವಿದೆ, ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾದರೆ ಮುಗಿಯಿತು. ಪೂರ್ತಿ ಬೋಳಾದ ಕೊಂಬೆ ಬೇವಿನಂತೆ ಮತ್ತೆ ಚಿಗುರುವುದಿಲ್ಲ.

ಸುಳ್ಳು ಭರವಸೆ ಕೊಡಲಾರೆ: ಇಷ್ಟೆಲ್ಲ ಮಾಡಿದರೂ ಅದು ಇನ್ನೊಂದು ಬೇಸಿಗೆ ಕಾಣುವುದು ಕಷ್ಟ. ಬದಲಿ ಗಿಡದ ಮಾತಿಗೆ ಬಂದರೆ, ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡವೆಂದು ಮಾರುವ ಅರಾಕೇರಿಯಾ ಬೇರೆಯೇ ಜಾತಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಎತ್ತರಕ್ಕೆ ಬೆಳೆದಿದೆ ನಿಜ, ಆದರೆ ಹಟ್ಟಿಯ ಬಿಸಿಲಿಗೆ ಅದನ್ನೂ ನಾನು ಹೇಳುವುದಿಲ್ಲ.

ಅಂಗಳದಲ್ಲಿ ಮಗನ ಹೆಸರಿನ ಗಿಡ ಇರಲೇಬೇಕೆಂಬ ಆಸೆ ಇದ್ದರೆ ಬೇವು ಹಾಕಿ. ಮುಂಗಾರಿನ ಹೊತ್ತಿಗೆ ಹಣ್ಣು ಉದುರುತ್ತವೆ. ಸಿಪ್ಪೆ ತಿರುಳು ತೊಳೆದು, ನೆರಳಲ್ಲಿ ಆರಿಸಿ, ಆ ವಾರವೇ ಬಿತ್ತಬೇಕು. ಕೆಲವು ವಾರ ಇಟ್ಟರೆ ಬೀಜ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಗುಂಡಿಗೆ ಹಟ್ಟಿ ಚಿನ್ನದ ಗಣಿಯ ಪುಡಿಮಣ್ಣು ತರಬೇಡಿ, ಹೊಲದ ಮಣ್ಣು, ಹಳೆಯ ತಿಪ್ಪೆಗೊಬ್ಬರ ಸಾಕು.

ಇವತ್ತು ಸಂಜೆ ಮಗನಿಗೆ ಫೋನ್ ಮಾಡಿ, ಗಿಡದ ಸ್ಥಿತಿ ನೀವೇ ಹೇಳಿ. ಶಿಮ್ಲಾದ ಚಳಿ ಕಂಡವನು ಅವನು, ನಿಮ್ಮ ಮೇಲೆ ಬೇಸರ ಮಾಡಿಕೊಳ್ಳುವುದಿಲ್ಲ.