ಮಗನ ಕಾಯಿಲೆ ತಾಯಿಯಿಂದ ಬಂದದ್ದಲ್ಲ

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಅಂತ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೀತಿದೆ. ರಿಪೋರ್ಟಿನಲ್ಲಿ ‘ಎಫ್‌ಎಲ್‌ಟಿ3 ಮ್ಯುಟೇಶನ್ ಪಾಸಿಟಿವ್’ ಎಂದಿದೆ. ಜೀನಿನ ದೋಷ ಅಂದರೆ ತಾಯಿ ಕಡೆಯದೇ ಎಂದು ಅತ್ತೆ, ನಾದಿನಿ ಅನ್ನುತ್ತಾರೆ. ಮಗಳ ಮದುವೆ ಮಾತೂ ನಿಂತಿದೆ. ನನ್ನಿಂದಲೇ ಹೀಗಾಯಿತೇ?
– ಹೆಸರು ಬೇಡ, ಕುಂಬಾರಕೊಪ್ಪಲು, ಮೈಸೂರು

ಉತ್ತರ: ಅಮ್ಮಾ, ಮಗನ ಕಾಯಿಲೆಯ ಸಂಕಟವೇ ಸಾಲದೆಂಬಂತೆ ಈ ಅಪವಾದವನ್ನೂ ಹೊತ್ತು ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದೀರಿ. ಹೆತ್ತವರಿಗೆ ‘ನಾನೇನು ತಪ್ಪು ಮಾಡಿದೆ’ ಅನ್ನಿಸುವುದು ಸಹಜ. ಆದರೆ ನೀವು ಕೇಳಿದ್ದಕ್ಕೆ ಸ್ಪಷ್ಟ ಉತ್ತರವಿದೆ: ಇಲ್ಲ, ಇದು ನಿಮ್ಮಿಂದ ಬಂದದ್ದಲ್ಲ.

ಜೀನಿನ ದೋಷವೆಲ್ಲ ವಂಶದಿಂದ ಇಳಿದು ಬರುವುದಿಲ್ಲ. ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸಾವಿರಾರು ಕೋಟಿ ರಕ್ತಕಣಗಳನ್ನು ತಯಾರಿಸುತ್ತದೆ. ಒಂದು ಕೋಶ ಎರಡಾಗುವಾಗಲೆಲ್ಲ ಅದರ ಜೀನುಗಳು ಪೂರ್ತಿ ನಕಲಾಗಬೇಕು. ದೊಡ್ಡ ಗ್ರಂಥವನ್ನು ಕೈಯಲ್ಲಿ ಪ್ರತಿ ಮಾಡುವಾಗ ಅಕ್ಷರ ತಪ್ಪುವಂತೆ ಅಲ್ಲೂ ತಪ್ಪಾಗುತ್ತದೆ. ಬಹಳಷ್ಟು ತಪ್ಪುಗಳಿಂದ ಏನೂ ಆಗುವುದಿಲ್ಲ. ಆದರೆ ಎಫ್‌ಎಲ್‌ಟಿ3 ಎಂಬ ಜೀನಿನಲ್ಲಿ ಹೀಗಾದರೆ ‘ಬೆಳೆಯುತ್ತಿರು’ ಎಂಬ ಸೂಚನೆ ನಿಲ್ಲುವುದೇ ಇಲ್ಲ. ಇದು ನಿಮ್ಮ ಮಗ ಹುಟ್ಟಿದ ಮೇಲೆ, ಅವನ ಮಜ್ಜೆಯ ಕೋಶಗಳಲ್ಲಿ ಆದದ್ದು. ಈ ಕಾಯಿಲೆಯ ಮೂವರು ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಈ ಬದಲಾವಣೆ ಇರುತ್ತದೆ.

ಇದಿದ್ದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ವೈದ್ಯರು ಇದನ್ನು ಹುಡುಕುವುದೇ ಚಿಕಿತ್ಸೆ ಆರಿಸಲು. ಇದನ್ನೇ ಗುರಿಯಾಗಿಸುವ ಔಷಧಗಳಿವೆ. ಮಿಡೊಸ್ಟಾರಿನ್‌ಗೆ ಅಮೆರಿಕದಲ್ಲಿ 2017ರಲ್ಲೇ ಒಪ್ಪಿಗೆ ಸಿಕ್ಕಿದೆ. ಅಸ್ಥಿಮಜ್ಜೆ ಕಸಿ ಬೇಕೇ ಎಂಬುದನ್ನೂ ಇದನ್ನು ನೋಡಿಕೊಂಡೇ ತೀರ್ಮಾನಿಸುತ್ತಾರೆ. ‘ನಮ್ಮ ಹುಡುಗನಿಗೆ ಇವುಗಳಲ್ಲಿ ಯಾವುದು?’ ಎಂದು ಸಂಕೋಚವಿಲ್ಲದೆ ಕೇಳಿ.

ಈ ಮ್ಯುಟೇಶನ್ ಮಗಳಿಗಾಗಲಿ, ಅವಳ ಮಕ್ಕಳಿಗಾಗಲಿ ದಾಟುವುದಿಲ್ಲ. ಕೆಲವೇ ಕುಟುಂಬಗಳಲ್ಲಿ ಬೇರೆ ಬಗೆಯ ಜೀನು ದೋಷ ವಂಶದಲ್ಲಿ ಬರುವುದುಂಟು. ಹತ್ತಿರದ ರಕ್ತಸಂಬಂಧಿಗಳಲ್ಲಿ ಇನ್ನೂ ಯಾರಿಗಾದರೂ ರಕ್ತದ ಕ್ಯಾನ್ಸರ್ ಬಂದಿದ್ದರೆ ವೈದ್ಯರಿಗೆ ತಿಳಿಸಿ, ಪರೀಕ್ಷೆ ಮಾಡಿಸುತ್ತಾರೆ. ಕಸಿ ಬೇಕಾದರೆ ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗಳನ್ನು ಕೇಳಿ, ಒತ್ತಾಯ ಮಾತ್ರ ಬೇಡ.

ಅತ್ತೆಯವರು ಕೆಟ್ಟವರೆಂದು ನನಗನ್ನಿಸುವುದಿಲ್ಲ. ಮೊಮ್ಮಗನ ಬಗೆಗಿನ ಭಯ ಕಾರಣ ಹುಡುಕುತ್ತಿದೆ, ಸೊಸೆಯಾದ ನೀವು ಕಣ್ಣೆದುರಿಗಿದ್ದೀರಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಯಜಮಾನರನ್ನೂ ಒಳಗೆ ಕರೆದೊಯ್ಯಿರಿ. ವೈದ್ಯರ ಮಾತು ಕೇಳಿ ಬಂದು ಮನೆಯಲ್ಲಿ ಹೇಳಬೇಕಾದವರು ಅವರು. ಆ ಕೆಲಸ ನಿಮ್ಮ ಪಾಲಿಗೆ ಬರಬಾರದು.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಆಸ್ಪತ್ರೆಯಲ್ಲಿ ವಿಚಾರಿಸಿ. ರಾತ್ರಿ ನಿದ್ದೆ ಬಾರದೆ ಎದೆ ಭಾರವಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಕಿಮೋ ನಡುವೆ ಮಗ ಮನೆಗೆ ಬಂದಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗ ಮೈಸೂರಿನ ಯಾವ ಆಸ್ಪತ್ರೆಗೆ ಹೋಗಬೇಕೆಂದು ನಿಮ್ಮ ವೈದ್ಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.